ಹೇಂಟೆ ಕೊಟ್ಟ ಕಲ್ಲು

ಹೆಗ್ಗಣದಿಂದ ಜೋಳ ಕಡ ತಂದಿದ್ದ ಹೇಂಟೆ ವಾರಕ್ಕೊಂದು ಮೊಟ್ಟೆಯಂತೆ ತೀರಿಸುತ್ತಿತ್ತು. ಅಷ್ಟರಲ್ಲಿ ಗರಿ ಉದುರುವ ಕಾಲ ಬಂತು, ಮೊಟ್ಟೆ ನಿಂತುಹೋಯಿತು. ಬೋಳು ಮೈ ಹೊತ್ತು ಹೋಗಿ ವಾಯಿದೆ ಕೇಳಲು ಹೇಂಟೆಗೆ ನಾಚಿಕೆ. ಮೊಟ್ಟೆಯಂಥದೇ ಬಿಳಿ ಕಲ್ಲೊಂದನ್ನು ಬಿಲದ ಬಾಗಿಲಿಗೆ ಉರುಳಿಸಿ, ತಿರುಗಿ ನೋಡದೆ ನಡೆಯಿತು. ತಿಪ್ಪೆ ದಾಟುವಷ್ಟರಲ್ಲಿ ಹಿಂದೆ ಕಟಕ್ಕೆಂದು ಹಲ್ಲು ಮುರಿದ ಸದ್ದಾಯಿತು.

“ನಿಲ್ಲಮ್ಮ,” ಎಂದಿತು ಹೆಗ್ಗಣ. “ಗರಿ ಉದುರಿದ ಕೋಳಿ ಮೊಟ್ಟೆ ಇಡದೆಂದು ನನಗೆ ತಿಳಿಯದೇ? ಬಾಯಿಬಿಟ್ಟು ಕೇಳಿದ್ದರೆ ವಾಯಿದೆ ಕೊಡುತ್ತಿರಲಿಲ್ಲವೇ? ಈಗಲೂ ಕೊಟ್ಟಿದ್ದೇನೆ. ಗರಿ ಬಂದಮೇಲೆ ಹದಿನೈದು ದಿನಕ್ಕೊಂದು ಕೊಡು, ಹೋಗು.”

ಹೊಸ ಗರಿ ಮೂಡಿತು. ಹೇಂಟೆ ಮೊದಲ ಮೊಟ್ಟೆಯನ್ನೇ ತಂದಿಟ್ಟಿತು. ಹೆಗ್ಗಣ ಅದನ್ನು ಒಳಗೆ ಒಯ್ಯುವ ಮುನ್ನ ಉಗುರಿನಿಂದ ಎರಡು ಸಲ ತಟ್ಟಿ ನೋಡಿತು. ಹೇಂಟೆ ನೆಲ ನೋಡುತ್ತ ನಿಂತಿತು.