ಮೂರನೆಯ ಬಗೆ

"ಸೌಟು ಹಿಡಿದವಳ ತಲೆಗೆ ಅಕ್ಷರ ಹತ್ತುತ್ತದೆಯೇ?" ಎಂದು ನಕ್ಕಿದ್ದ, ಆಶ್ರಮದ ಹಿರಿಯ ಶಿಷ್ಯ ಚಂದ್ರಮೌಳಿ.

ಅಡುಗೆಯ ಹೊನ್ನವ್ವ ಆ ನಗೆಯನ್ನು ಮರೆಯಲಿಲ್ಲ. ಬೇಳೆ ಕಟ್ಟಿದ ಕಾಗದವನ್ನೂ ಓದದೆ ಒಲೆಗೆ ಹಾಕಲಿಲ್ಲ. ಹನ್ನೆರಡು ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ಗುರುಗಳ ಮುಂದೆ ಬಂದು ನಿಂತಳು.

"ಪುಸ್ತಕದ ಪೆಟ್ಟಿಗೆಯ ಕೀಲಿಕೈ ನನಗೆ ಬೇಕು."

"ಪಾಠ ಒಪ್ಪಿಸಿದವರಿಗೆ ಕೀಲಿಕೈ. ಯಾವ ಪಾಠ?"

"ಉಭಯವಾಸಿಗಳದ್ದು. ನೀರಿಗೂ ಸೈ, ನೆಲಕ್ಕೂ ಸೈ ಅನ್ನುವ ಜೀವಿಗಳು. ಮೂರು ಬಗೆ. ಬಾಲವಿಲ್ಲದವು, ನಮ್ಮ ಕಪ್ಪೆಗಳು. ಬಾಲವುಳ್ಳವು, ನೋಡಲು ಹಲ್ಲಿಯಂಥವು. ಕಾಲೇ ಇಲ್ಲದವು, ಹಸಿ ಮಣ್ಣಿನೊಳಗೆ ಇರುವಂಥವು."

ಒಂದಕ್ಷರ ತಪ್ಪಲಿಲ್ಲ. ಗುರುಗಳ ಪಕ್ಕದಲ್ಲಿದ್ದ ಚಂದ್ರಮೌಳಿ ನೆಲ ನೋಡಿದ.

"ಮೂರನೆಯದನ್ನು ಕಂಡಿದ್ದೀಯಾ?" ಎಂದರು ಗುರುಗಳು.

"ಬೇಳೆ ಕಟ್ಟಿದ ಕಾಗದದಲ್ಲಿ ಓದಿದ್ದೇನೆ, ಅಷ್ಟೇ."

"ಇವತ್ತು ಬರಲು ತಡವಾಯಿತಲ್ಲ, ಯಾಕವ್ವ?"

"ಬದನೆ ಪಾತಿಯಲ್ಲಿ ಹಾವಿನ ಮರಿ ಇತ್ತು. ಗುದ್ದಲಿಯಿಂದ ಒಂದೇ ಏಟು!"

"ಅದನ್ನು ತಾ."

ಬಾಳೆಲೆಯ ಮೇಲೆ ತಂದಿಟ್ಟಳು.

"ಸವರಿ ನೋಡು."

ಅಳುಕುತ್ತಲೇ ಬೆರಳಿಟ್ಟಳು. ಹಾವಿನ ಹುರುಪೆ ಕೈಗೆ ಸಿಗಲಿಲ್ಲ. ಲೋಳೆ ಲೋಳೆ, ಕಪ್ಪೆಯ ಮೈಯ ಹಾಗೆ.

"ದೊಡ್ಡ ಎರೆಹುಳು ಇರಬೇಕು," ಎಂದ ಚಂದ್ರಮೌಳಿ.

"ಎರೆಹುಳುವಿಗೆ ದವಡೆ ಇರುತ್ತದೇನಣ್ಣ? ಹಲ್ಲು ನೋಡು ಇಲ್ಲಿ..."

ಹೊನ್ನವ್ವ ಅದನ್ನು ತಲೆಯಿಂದ ತುದಿಯವರೆಗೆ ಮತ್ತೊಮ್ಮೆ ಸವರಿದಳು. ಹಾವಲ್ಲ, ಹುಳುವಲ್ಲ. ಕಾಲಿಲ್ಲ.

"ಮೂರನೆಯದು," ಎಂದಳು, ತನಗೆ ತಾನೇ.

ಎಲೆಯನ್ನು ಎತ್ತಿಕೊಂಡು ಹೋಗಿ ಬದನೆ ಗಿಡದ ಬುಡದಲ್ಲಿ ಕುಳಿ ತೆಗೆದಳು. ಅದನ್ನು ಮಲಗಿಸಿ ಮಣ್ಣೆಳೆದಳು. ಪಕ್ಕದ ಹೆಂಟೆಯಡಿ ಇನ್ನೊಂದು ಮಿಸುಕಿತು. ಹೊನ್ನವ್ವ ಬೆಚ್ಚಲಿಲ್ಲ. ಅದರ ಮೈ ಒಣಗದಂತೆ ಕೈ ಒದ್ದೆ ಮಾಡಿಕೊಂಡು ಮೇಲೆ ಹಸಿ ಮಣ್ಣು ಮುಚ್ಚಿದಳು.

"ಅಣ್ಣ, ಇನ್ನು ಮೇಲೆ ಈ ಪಾತಿಯಲ್ಲಿ ಗುದ್ದಲಿ ಎತ್ತುವ ಮುಂಚೆ ನನ್ನನ್ನು ಕೂಗು!"

"ಆಗಲಿ, ಪಂಡಿತರೇ," ಎಂದ, ಹಿಂದೆಯೇ ಬಂದಿದ್ದ ಚಂದ್ರಮೌಳಿ. ಈ ಸಲ ಅವಳಿಗೂ ನಗು ಬಂತು.

ಗುರುಗಳ ಬಳಿಗೆ ಮರಳಿ ಬಂದಾಗ ಮಾತ್ರ ನಗು ಉಳಿದಿರಲಿಲ್ಲ.

"ನನಗೆ ಪಾಠ ಬಂದಿರಲಿಲ್ಲ, ಗುರುಗಳೇ. ಕೀಲಿಕೈ ನಿಮ್ಮಲ್ಲೇ ಇರಲಿ."

ಗುರುಗಳು ಸೊಂಟದಿಂದ ಕೀಲಿಕೈ ಬಿಚ್ಚಿ ಅವಳ ಮಣ್ಣುಗೈಯಲ್ಲಿಟ್ಟರು.

"ಪೆಟ್ಟಿಗೆ ನಿನ್ನದು, ಹೊನ್ನವ್ವ. ಅದರ ಬೆಲೆ ಬದನೆ ಗಿಡದ ಬುಡದಲ್ಲಿ ಮಲಗಿದೆ."