ಬೆಟ್ಟದ ಅಳತೆ

ಬಂಡೆಗಳ ಬೆಟ್ಟದ ಎದುರು, ಹೊಳೆ ದಂಡೆಯ ಗುಡಿಸಲಲ್ಲಿ ವಿರುಪಣ್ಣಜ್ಜ ಇದ್ದ. ನಲವತ್ತು ವರ್ಷ ಬರೀ ಬೆಟ್ಟ, ಬಂಡೆ, ನೀರಿನ ಫೋಟೋ ತೆಗೆದವನು. ಅವನ ಹತ್ತಿರ ಕಲಿಯಲು ಯಮನೂರ ಬಂದು ಮೂರು ವರ್ಷವಾಗಿತ್ತು.

ಒಂದು ಮುಂಜಾನೆ ಯಮನೂರ ಗಂಟು ಕಟ್ಟಿಕೊಂಡೇ ಎದುರಿಗೆ ನಿಂತ.

"ಅಜ್ಜಾರ, ನಾ ಊರಿಗೆ ಹೊಂಟೆ. ಇದು ನನ್ನಿಂದ ಆಗಂಗಿಲ್ಲ."

"ಯಾಕೋ ತಮ್ಮಾ?"

"ಈ ಬೆಟ್ಟದ ಮುಂದ ನಿಂತ್ರ ಎದಿ ಝಲ್ ಅಂತೈತಿ. ಫೋಟೋದಾಗ ನೋಡಿದ್ರ ಹಿತ್ತಲದಾಗ ಸುರುವಿದ ಜಲ್ಲಿ ಕಂಡಂಗ ಕಾಣತೈತಿ. ಮೂರು ವರ್ಷ ಇದ ಹಣೆಬರಹ."

"ಹೋಗಾಕ ಹೋಗು. ಒಂದು ತೆಗದು ಹೋಗು."

ಯಮನೂರ ಸ್ಟ್ಯಾಂಡ್ ಊರಿ ಕ್ಯಾಮೆರಾ ಕೂರಿಸಿದ. ಅಷ್ಟರಲ್ಲಿ ಒಬ್ಬ ಕುರಿ ಹೊಡೆದುಕೊಂಡು ಅಡ್ಡ ಬಂದ.

"ಏ ಕಾಕಾ, ಬಾಜೂ ಸರೀರಿ! ಫೋಟೋದಾಗ ಬರ್ತೀರಿ!"

"ಬೆಟ್ಟಾನೂ ಒಂಚೂರು ಸರಸ್ಲೇನು?" ಅಂದ ಕುರಿಯವ, ಹೋಗುತ್ತಾ.

ಅಜ್ಜ ಕೇಳಿದ: "ದಿನಾ ಹಿಂಗ ಮಂದೀನ ಸರಸ್ತೀಯೇನು?"

"ಮತ್ತ? ಬೆಟ್ಟ ಒಂದ ಇರಬೇಕಲ್ರೀ."

ಅಜ್ಜ ಕೋಲು ತಗೊಂಡು ಬೆಟ್ಟದ ಕಡೆ ನಡೆದ.

"ಅಜ್ಜಾರ, ನೀವೂ ಅಡ್ಡ ಬಂದ್ರಿ!"

ಅಜ್ಜ ತಿರುಗಲಿಲ್ಲ.

ಯಮನೂರ ಕ್ಯಾಮೆರಾದಲ್ಲಿ ಕಣ್ಣಿಟ್ಟು ಕಾದ. ಅಜ್ಜ ಕೋಲಿನಷ್ಟಾದ. ಬೆರಳಿನಷ್ಟಾದ. ಅರ್ಧ ತಾಸಿಗೆ ಜೋಳದ ಕಾಳಿನಷ್ಟಾಗಿ ತಳದ ಬಂಡೆಯೊಂದಕ್ಕೆ ಆತು ನಿಂತ.

ಬಂಡೆ ಅವನ ಹತ್ತರಷ್ಟು ಎತ್ತರ; ಆ ಬೆಟ್ಟದಲ್ಲಿ ಅದೇ ಎಲ್ಲಕ್ಕಿಂತ ಸಣ್ಣದು.

ಅದರ ಮೇಲೆ ಇನ್ನೊಂದು. ಅದರ ಮೇಲೆ ಮತ್ತೊಂದು. ಯಮನೂರನ ಕಣ್ಣು ಏರಿತು. ಏರುತ್ತಲೇ ಹೋಯಿತು. ಯಾವಾಗ ಚಪ್ಪಲಿ ಬಿಟ್ಟನೋ ಅವನಿಗೇ ತಿಳಿಯಲಿಲ್ಲ.

ಅಜ್ಜ ವಾಪಸ್ ಬಂದಾಗ ಬಿಸಿಲು ಏರಿತ್ತು.

"ತೆಗದೇನು?"

"ಇಲ್ರೀ..." ಯಮನೂರನ ಕಣ್ಣು ಇನ್ನೂ ಬೆಟ್ಟದ ಮೇಲೇ ಇತ್ತು. "ಇದು ಇಷ್ಟು ದೊಡ್ಡದೈತಿ ಅಂತ ಗೊತ್ತ ಇರಲಿಲ್ಲ. ಬಟನ್ ಒತ್ತೂದ ಮರತೆ. ಇನ್ನೊಮ್ಮೆ ಹೋಗಿ ನಿಂದರ್ತೀರೇನ್ರೀ?"

ಅಜ್ಜ ಅವನ ಗಂಟನ್ನು ಎತ್ತಿ ಗುಡಿಸಲೊಳಗೆ ಒಗೆದ. ಬಂದು ಕ್ಯಾಮೆರಾದ ಹಿಂದೆ ನಿಂತ. ಕೋಲನ್ನು ಅವನ ಕೈಗಿಟ್ಟ.

"ನಡಿ. ಈಗ ಸಣ್ಣವ ಆಗೂ ಪಾಳಿ ನಿಂದು."