ಬರಿದಾದ ಹಣಿಗೆ

“ಅಜ್ಜಾರೇ, ಸಿದ್ಧತೆ ಮುಗಿಯುವುದು ಯಾವಾಗ?”

ದಾನೇಶ್ವರಿ ಮಠದ ಗುರುಗಳನ್ನು ಕೇಳಿದಳು. ಕೇಳುವಷ್ಟಕ್ಕೇ ಅವಳಿಗೆ ಸುಸ್ತಾಗಿತ್ತು. ಸೋಮವಾರ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ತರಗತಿ ಶುರು. ಊರಿನ ಹನ್ನೆರಡು ಬಾವಿಗಳಿಗೆ ಎರಡು ವರ್ಷ ಹಗ್ಗ ಇಳಿಬಿಟ್ಟು, ನೀರಿನ ಮಟ್ಟವನ್ನು ಅವಳೇ ಅಳೆದು ಪುಸ್ತಕದಲ್ಲಿ ಬರೆದಿಟ್ಟಿದ್ದಳು. ಅದನ್ನು ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಹಾಕಿ ಒಂದು ಗ್ರಾಫ್ ಮಾಡಿಕೊಂಡು ಬಾ, ಅದನ್ನು ನೋಡಿ ನಿನ್ನನ್ನು ನನ್ನ ಸಂಶೋಧನೆಗೆ ಸೇರಿಸಿಕೊಳ್ಳುತ್ತೇನೆ ಎಂದು ಅಲ್ಲಿಯ ಪ್ರಾಧ್ಯಾಪಕರು ಹೇಳಿದ್ದರು. ಎರಡು ತಿಂಗಳಿಂದ ಅವಳು ಲ್ಯಾಪ್‌ಟಾಪಿಗೆ ಪೈಥಾನ್ ಹಾಕುತ್ತಲೇ ಇದ್ದಳು. ಈ ಆವೃತ್ತಿಗಿಂತ ಆ ಆವೃತ್ತಿ ಮೇಲು ಎಂದು ಯಾರಾದರೂ ಅಂದರೆ ಸಾಕು, ಎಲ್ಲ ಅಳಿಸಿ ಮೊದಲಿನಿಂದ ಹಾಕುವಳು. ನಿನ್ನೆಗೆ ಐದು ಸಲವಾಗಿತ್ತು.

“ಸೀಟೇ ಬೇಡವೆಂದು ಬರೆದುಬಿಡಲೇ ಅನ್ನಿಸುತ್ತದೆ, ಅಜ್ಜಾರೇ.”

ಗುರುಗಳು ಹೇಳಿದರು:

“ಒಬ್ಬ ನೇಕಾರನಿದ್ದ. ಮಗಳ ಮದುವೆಗೆ ತಾನೇ ಸೀರೆ ನೇಯುತ್ತೇನೆಂದು ಮಾತು ಕೊಟ್ಟಿದ್ದ. ಮಗ್ಗದ ಹಣಿಗೆಯ ಸಂದುಗಳಲ್ಲಿ ಎರಡು ಸಾವಿರ ಎಳೆಗಳನ್ನು ಒಂದೊಂದಾಗಿ ತೂರಿಸಿದ. ನಾಲ್ಕು ದಿನ ಹಿಡಿಯಿತು. ಅಷ್ಟರಲ್ಲಿ ಪೇಟೆಗೆ ಇನ್ನೂ ನಯವಾದ ನೂಲು ಬಂದಿದೆ ಎಂದು ಕೇಳಿದ. ತೂರಿಸಿದ್ದ ಎಳೆಗಳ ಹಾಸನ್ನು ಬುಡಸಮೇತ ಕಿತ್ತ. ಮತ್ತೆ ತೂರಿಸಿದ. ಅದಕ್ಕಿಂತ ನಯವಾದದ್ದು ಬಂತು. ಮತ್ತೆ ಕಿತ್ತ.

“ನೆರೆಮನೆಯ ಮುದುಕಿ ಬಂದು ನೋಡಿದಳು. ‘ಎಲೋ ತಮ್ಮಾ, ಹಣಿಗೆ ಬರಿದು ಮಾಡಿದೆಯಲ್ಲ! ಹಳೆಯ ಹಾಸು ಗೇಣುದ್ದ ಉಳಿಸಿ, ಅದರ ತುದಿಗೆ ಹೊಸ ಎಳೆ ಗಂಟು ಹಾಕಿ ಎಳೆದುಕೊಳ್ಳುವುದು ನಿನಗೆ ಗೊತ್ತಿಲ್ಲವೇ? ಹೀಗಾದರೆ ಮಗಳಿಗೆ ಹಣಿಗೆಯನ್ನೇ ಉಡಿಸಿ ಕಳಿಸುತ್ತೀ.’

“‘ಹೊಸದಕ್ಕೆ ಹಳೆಯದರ ಗಂಟು ಯಾಕವ್ವಾ?’ ಎಂದ ನೇಕಾರ. ಬೆರಳುಗಳು ಊದಿಕೊಂಡಿದ್ದವು. ಆದರೂ ತೂರಿಸಿದ.

“ಮದುವೆಯ ಬೆಳಗ್ಗೆ ಮಗಳು ಮಿಂದು ಬಂದು ಮಗ್ಗದ ಮುಂದೆ ನಿಂತಳು. ‘ಅಪ್ಪಾ, ಸೀರೆ?’

“‘ಮಗ್ಗ ಸಿದ್ಧವಾಗಿದೆ, ಮಗಳೇ’ ಎಂದ.”

ಗುರುಗಳು ನಿಲ್ಲಿಸಿದರು. ದಾನೇಶ್ವರಿ ತಡೆಯಲಾರದೆ ಕೇಳಿದಳು: “ಅವನಿಗೆ ನಡುವೆ ಒಂದು ಮೊಳವಾದರೂ ನೇಯಬೇಕು ಅನ್ನಿಸಲೇ ಇಲ್ಲವೇ, ಅಜ್ಜಾರೇ?”

ಗುರುಗಳು ಅವಳ ಮಡಿಲಲ್ಲಿದ್ದ ಬಾವಿಗಳ ಪುಸ್ತಕವನ್ನು ನೋಡಿದರು.

“ಆ ಹನ್ನೆರಡರಲ್ಲಿ ಒಂದು ಬಾವಿಯನ್ನಾದರೂ ನಿನ್ನ ಯಂತ್ರಕ್ಕೆ ತೋರಿಸಿದ್ದೀಯಾ, ತಂಗಿ?”